ಚಳಿ ಹೊತ್ತ ಲಾರಿ: ಓಡಿಸಬೇಕೆ, ಬೇಡವೆ?

ಹೆದ್ದಾರಿಯಲ್ಲಿ ಸಾಗುವ ಲಾರಿಗಳನ್ನು ನೀವು ಗಮನಿಸಿರಬಹುದು. ಟಾರ್ಪಾಲು ಹೊದ್ದವು, ಮರಳು ತುಂಬಿದವು, ಕಬ್ಬಿಣದ ಸರಳು ಹೊತ್ತವು. ಅವುಗಳ ನಡುವೆ ಆಗೊಮ್ಮೆ ಈಗೊಮ್ಮೆ ಬಿಳಿಯ ಪೆಟ್ಟಿಗೆಯಂತಹ ಒಂದು ಲಾರಿ ಹೋಗುತ್ತದೆ. ಪೆಟ್ಟಿಗೆಗೆ ಕಿಟಕಿ ಇಲ್ಲ. ಹಿಂದಿನ ಬಾಗಿಲಿನ ಸುತ್ತ ದಪ್ಪನೆಯ ರಬ್ಬರ್ ಪಟ್ಟಿ. ಡ್ರೈವರ್ ಕೂರುವ ಕ್ಯಾಬಿನ್ನಿನ ನೆತ್ತಿಯ ಮೇಲೆ ಒಂದು ಯಂತ್ರ ಗುರುಗುಟ್ಟುತ್ತಿರುತ್ತದೆ. ದೊಡ್ಡ ಲಾರಿಯಾದರೆ ಅದು ಢಾಬಾದ ಮುಂದೆ ಇಂಜಿನ್ ಆರಿಸಿ ನಿಂತಾಗಲೂ ಈ ಯಂತ್ರ ಸುಮ್ಮನಾಗುವುದಿಲ್ಲ. ಇದೇ ಶೀತಲ ಲಾರಿ. ಸಾರಿಗೆಯವರ ಮಾತಿನಲ್ಲಿ ರೀಫರ್.

ನಿಮ್ಮಲ್ಲಿ ಕೆಲವರ ತಂದೆಯೋ ಚಿಕ್ಕಪ್ಪನೋ ಲಾರಿ ಓಡಿಸುತ್ತಿರಬಹುದು. ಕೆಲವರು ಪಿ.ಯು.ಸಿ. ಮುಗಿದ ಮೇಲೆ ಅದೇ ದಾರಿ ಹಿಡಿಯುವ ಯೋಚನೆಯಲ್ಲಿರಬಹುದು. ಲಾರಿ ಓಡಿಸುವುದು ಎಂದು ತೀರ್ಮಾನವಾದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಯಾವ ಲಾರಿ? ಶೀತಲ ಲಾರಿಯ ಮಾಲೀಕರು ನುರಿತ ಡ್ರೈವರುಗಳಿಗಾಗಿ ಹುಡುಕುತ್ತಲೇ ಇರುತ್ತಾರೆ. ಆದರೆ ಅನುಭವವಿರುವ ಎಷ್ಟೋ ಡ್ರೈವರುಗಳು ‘ಆ ತಲೆನೋವು ನಮಗೆ ಬೇಡ’ ಎಂದು ದೂರ ಉಳಿಯುತ್ತಾರೆ. ಇಬ್ಬರ ಮಾತಿಗೂ ಕಾರಣವಿದೆ. ಆ ಕಾರಣಗಳನ್ನು ತಿಳಿಯಬೇಕಾದರೆ ಸ್ವಲ್ಪ ಭೌತವಿಜ್ಞಾನ, ಸ್ವಲ್ಪ ಲೆಕ್ಕ, ಸ್ವಲ್ಪ ಕಾನೂನು ಬೇಕು. ಒಂದೊಂದಾಗಿ ನೋಡೋಣ.

ಪೆಟ್ಟಿಗೆಯ ಒಳಗೆ

‘ತಂಪು’ ಎಂಬ ವಸ್ತುವೇನೂ ಇಲ್ಲ. ಇರುವುದು ಶಾಖ ಒಂದೇ. ಒಂದು ಕಡೆಯಿಂದ ಶಾಖವನ್ನು ತೆಗೆದು ಇನ್ನೊಂದು ಕಡೆಗೆ ಸಾಗಿಸಿದರೆ, ತೆಗೆದ ಜಾಗ ತಂಪಾಗುತ್ತದೆ. ಅಂಗೈ ಮೇಲೆ ಸ್ಪಿರಿಟ್ ಹಾಕಿದಾಗ ತಣ್ಣಗೆನಿಸುವುದು ಏಕೆ? ಸ್ಪಿರಿಟ್ ಆವಿಯಾಗಲು ಬೇಕಾದ ಶಾಖವನ್ನು ನಿಮ್ಮ ಚರ್ಮದಿಂದ ಎಳೆದುಕೊಳ್ಳುತ್ತದೆ. ಶೀತಲ ಯಂತ್ರದ ಕೆಲಸವೂ ಇದೇ. ಅದರ ಕೊಳವೆಗಳಲ್ಲಿ ಹರಿಯುವ ಶೈತ್ಯಕಾರಕ ದ್ರವ ಪೆಟ್ಟಿಗೆಯ ಒಳಭಾಗದಲ್ಲಿ ಆವಿಯಾಗಿ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಭಾಗದ ಕೊಳವೆಗಳಿಗೆ ತಳ್ಳುತ್ತದೆ. ಅಲ್ಲಿ ಆವಿ ಮತ್ತೆ ದ್ರವವಾಗಿ, ಹೀರಿದ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟುಕೊಡುತ್ತದೆ. ಮನೆಯ ಫ್ರಿಜ್‌ನಲ್ಲಿ ನಡೆಯುವುದೂ ಇದೇ. ವ್ಯತ್ಯಾಸವೆಂದರೆ, ಈ ಫ್ರಿಜ್ ಬಿಸಿಲಲ್ಲಿ, ಗುಂಡಿಬಿದ್ದ ರಸ್ತೆಯಲ್ಲಿ, ಕುಲುಕುತ್ತಾ ಓಡಬೇಕು.

ಈ ಕುಲುಕಾಟವೇ ಬಹುಕಾಲ ದೊಡ್ಡ ಅಡ್ಡಿಯಾಗಿತ್ತು. ಹಡಗುಗಳಲ್ಲಿ ಶೈತ್ಯ ಯಂತ್ರ 19ನೆಯ ಶತಮಾನದಲ್ಲೇ ಬಂದಿತ್ತು. 1882ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನಿಂದ ಹೊರಟ ‘ಡ್ಯುನೆಡಿನ್’ ಎಂಬ ಹಡಗು ಹೆಪ್ಪುಗಟ್ಟಿಸಿದ ಮಾಂಸವನ್ನು ಮೇ ತಿಂಗಳಲ್ಲಿ ಲಂಡನ್ನಿಗೆ ಕೆಡದಂತೆ ಮುಟ್ಟಿಸಿತು. ಲಾರಿಗಳಿಗೆ ಮಾತ್ರ ಮಂಜುಗಡ್ಡೆ ಮತ್ತು ಉಪ್ಪೇ ಗತಿಯಾಗಿತ್ತು. ರಸ್ತೆಯ ಅದುರಾಟವನ್ನು ತಾಳಿಕೊಳ್ಳುವ ಯಂತ್ರವನ್ನು 1930ರ ದಶಕದ ಕೊನೆಯಲ್ಲಿ ರೂಪಿಸಿದವರು ಅಮೆರಿಕದ ಫ್ರೆಡರಿಕ್ ಮೆಕಿನ್ಲಿ ಜೋನ್ಸ್. 1893ರಲ್ಲಿ ಹುಟ್ಟಿದ ಈ ಕಪ್ಪು ವರ್ಣೀಯ ಬಾಲ್ಯದಲ್ಲೇ ಅನಾಥರಾದವರು, ಶಾಲೆಯನ್ನು ಅರ್ಧಕ್ಕೇ ಬಿಟ್ಟವರು, ಗ್ಯಾರೇಜುಗಳಲ್ಲಿ ದುಡಿಯುತ್ತಲೇ ಯಂತ್ರವಿದ್ಯೆಯನ್ನು ಕಲಿತವರು. ಜೋಸೆಫ್ ನ್ಯೂಮೆರೋ ಜತೆಗೂಡಿ ಅವರು ಕಟ್ಟಿದ ಸಂಸ್ಥೆಯೇ ಮುಂದೆ ‘ಥರ್ಮೋ ಕಿಂಗ್’ ಆಯಿತು. ಜೋನ್ಸ್ 1961ರಲ್ಲಿ ತೀರಿಕೊಂಡರು. ಅವರು ತೀರಿಕೊಂಡು 30 ವರ್ಷಗಳಾದ ಮೇಲೆ, 1991ರಲ್ಲಿ, ಅಮೆರಿಕ ಸರ್ಕಾರ ಅವರಿಗೆ ತಂತ್ರಜ್ಞಾನದ ರಾಷ್ಟ್ರೀಯ ಪದಕ ನೀಡಿತು.

ಕಾಯುವ ಯಂತ್ರ, ತಣಿಸುವ ಯಂತ್ರವಲ್ಲ

ಈಗ ಅತಿ ಮುಖ್ಯವಾದ ಒಂದು ಸಂಗತಿ. ಶೀತಲ ಲಾರಿ ಸರಕನ್ನು ತಣ್ಣಗೆ ಮಾಡುವುದಿಲ್ಲ. ತಣ್ಣಗಿರುವ ಸರಕನ್ನು ತಣ್ಣಗೇ ಇಡುತ್ತದೆ. ಈ ಎರಡು ಮಾತುಗಳ ನಡುವಿನ ಅಂತರ ತಿಳಿಯದೆ ನಷ್ಟ ಮಾಡಿಕೊಂಡವರು ಬಹಳ. ನೀವೇ ಲೆಕ್ಕ ಹಾಕಿ ನೋಡಿ.

ಹೊಲದಿಂದ ಆಗತಾನೆ ಬಂದ ಹತ್ತು ಟನ್ ತರಕಾರಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ ಎನ್ನೋಣ. ಅದನ್ನು 5 ಡಿಗ್ರಿಗೆ ಇಳಿಸಬೇಕು. ತರಕಾರಿಯಲ್ಲಿ ಹೆಚ್ಚಿನ ಪಾಲು ನೀರೇ ಆದ್ದರಿಂದ ಒಂದು ಕಿಲೋಗ್ರಾಂ ಒಂದು ಡಿಗ್ರಿ ಇಳಿಯಲು ಸುಮಾರು 4 ಕಿಲೋಜೂಲ್ ಶಾಖ ಹೊರಹೋಗಬೇಕು. 10,000 ಕಿಲೋಗ್ರಾಂ, 25 ಡಿಗ್ರಿ: ಒಟ್ಟು 10 ಲಕ್ಷ ಕಿಲೋಜೂಲ್. ಲಾರಿಯ ಯಂತ್ರ ಸೆಕೆಂಡಿಗೆ 8 ಕಿಲೋಜೂಲ್ ಶಾಖವನ್ನು ಹೊರಹಾಕುತ್ತದೆ ಎಂದಿಟ್ಟುಕೊಳ್ಳಿ. ಆಗ ಬೇಕಾಗುವ ಸಮಯ 1,25,000 ಸೆಕೆಂಡ್, ಅಂದರೆ ಸುಮಾರು 35 ಗಂಟೆ. ಅಷ್ಟು ಹೊತ್ತಿಗೆ ಲಾರಿ ಬೆಂಗಳೂರಿನಿಂದ ಮುಂಬಯಿ ಹತ್ತಿರಕ್ಕೆ ಹೋಗಿರುತ್ತದೆ! ಬಿಸಿಲಿನಿಂದ ಗೋಡೆಯ ಮೂಲಕ ನುಗ್ಗುವ ಶಾಖವನ್ನು, ತರಕಾರಿ ತಾನೇ ಉಸಿರಾಡಿ ಬಿಡುವ ಶಾಖವನ್ನು ನಾವು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಹೀಗಾಗಿ ಸರಕನ್ನು ಶೈತ್ಯಾಗಾರದಲ್ಲಿ ಮೊದಲೇ ತಣಿಸಿರಬೇಕು. ಲಾರಿಯ ಪೆಟ್ಟಿಗೆಯನ್ನೂ ಮುಂಚಿತವಾಗಿ ಯಂತ್ರ ಓಡಿಸಿ ತಂಪು ಮಾಡಿರಬೇಕು. ಬಿಸಿ ಸರಕನ್ನು ತುಂಬಿ ‘ಹೇಗೂ ಎ.ಸಿ. ಇದೆಯಲ್ಲ, ಹೋಗಪ್ಪಾ’ ಎಂದು ಕಳುಹಿಸುವವರಿದ್ದಾರೆ. ತಲುಪಿದ ಊರಿನಲ್ಲಿ ಸರಕು ಕೆಟ್ಟಿದ್ದರೆ ಮೊದಲು ಬೆರಳು ತೋರುವುದು ಡ್ರೈವರ್ ಕಡೆಗೆ. ಬುದ್ಧಿವಂತ ಡ್ರೈವರ್ ಚುಚ್ಚು ಥರ್ಮಾಮೀಟರನ್ನು ಸರಕಿನೊಳಗೆ ತೂರಿಸಿ ನೋಡಿ, ಆ ಅಂಕಿಯನ್ನು ಚೀಟಿಯಲ್ಲಿ ಬರೆದ ಮೇಲೆಯೇ ಸಹಿ ಹಾಕುತ್ತಾನೆ. ಕ್ಯಾಬಿನ್ನಿನ ಮುಂದೆ ಮಿನುಗುವ ಅಂಕಿ ಪೆಟ್ಟಿಗೆಯ ಗಾಳಿಯದು, ಸರಕಿನದಲ್ಲ ಎಂಬುದು ಅವನಿಗೆ ಗೊತ್ತು.

ತುಂಬುವುದರಲ್ಲೂ ವಿದ್ಯೆಯಿದೆ. ತಣ್ಣನೆಯ ಗಾಳಿ ಮುಂದಿನಿಂದ ಬಂದು, ಚಾವಣಿಯ ಕೆಳಗೆ ಸಾಗಿ, ಹಿಂದಿನ ಬಾಗಿಲ ಬಳಿ ಇಳಿದು, ನೆಲದ ಸಂದುಗಳಲ್ಲಿ ಹರಿದು ಯಂತ್ರಕ್ಕೆ ಮರಳಬೇಕು. ಪೆಟ್ಟಿಗೆಗಳನ್ನು ಚಾವಣಿಗೆ ತಾಗುವಂತೆ ಒಟ್ಟಿದರೆ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಮುಂದಿನ ಸಾಲು ಹೆಪ್ಪುಗಟ್ಟಿ ಹಿಂದಿನ ಸಾಲು ಬೆಚ್ಚಗಾಗುವುದು ಹೀಗೆ.

ಒಂದೊಂದು ಸರಕಿಗೆ ಒಂದೊಂದು ಹವೆ

ಎಲ್ಲವನ್ನೂ ಆದಷ್ಟು ತಣ್ಣಗಿಟ್ಟರೆ ಸಾಕು ಎಂದು ನೀವು ಭಾವಿಸಬಹುದು. ಅದು ಸರಿಯಲ್ಲ. ಹೆಪ್ಪುಗಟ್ಟಿಸಿದ ಮೀನು, ಬಟಾಣಿಗಳಿಗೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಉಷ್ಣತೆ ಬೇಕು. ಐಸ್‌ಕ್ರೀಮಿಗೆ ಇನ್ನೂ ಕಡಿಮೆಯಿದ್ದರೆ ಒಳ್ಳೆಯದು. ಸೇಬು ಸೊನ್ನೆಯ ಆಸುಪಾಸಿನಲ್ಲಿ ಸುಖವಾಗಿರುತ್ತದೆ. ಬಾಳೆಹಣ್ಣನ್ನು ಹಾಗೆ ಇಡಿ ನೋಡಿ! 13 ಡಿಗ್ರಿಗಿಂತ ಕೆಳಗೆ ಹೋದರೆ ಅದರ ಸಿಪ್ಪೆ ಕಪ್ಪಗಾಗುತ್ತದೆ. ಬೆಚ್ಚನೆಯ ನಾಡಿನ ಹಣ್ಣುಗಳಿಗೆ ಚಳಿಯೇ ಗಾಯ ಮಾಡುತ್ತದೆ. ಮಾವೂ ಇದೇ ಜಾತಿಗೆ ಸೇರಿದ್ದು.

ಕಿತ್ತ ಮೇಲೂ ಹಣ್ಣು ಸತ್ತ ವಸ್ತುವಲ್ಲ. ಅದು ಆಮ್ಲಜನಕವನ್ನು ಒಳಗೆಳೆದು ಇಂಗಾಲದ ಡೈಆಕ್ಸೈಡನ್ನೂ ಶಾಖವನ್ನೂ ಬಿಡುತ್ತದೆ. ಸೇಬಿನಂತಹ ಹಣ್ಣುಗಳು ಎಥಿಲೀನ್ ಅನಿಲವನ್ನೂ ಹೊರಸೂಸುತ್ತವೆ. ಅದೇ ಪೆಟ್ಟಿಗೆಯಲ್ಲಿ ಸೊಪ್ಪು, ಸೌತೆಕಾಯಿ ಇದ್ದರೆ ಅವು ಬೇಗ ಹಳದಿಯಾಗುತ್ತವೆ. ಆದ್ದರಿಂದ ಯಾವುದರ ಜತೆ ಯಾವುದನ್ನು ಹಾಕಬಾರದು ಎಂಬುದನ್ನೂ ಡ್ರೈವರ್ ತಿಳಿದಿರಬೇಕು.

ತಣ್ಣಗೆ ಸಾಗುವುದೆಲ್ಲವೂ ಈ ಲಾರಿಯಲ್ಲೇ ಹೋಗುವುದಿಲ್ಲ ಎಂಬುದೂ ನೆನಪಿರಲಿ. ನಮ್ಮ ಹಾಲಿನ ಟ್ಯಾಂಕರುಗಳಲ್ಲಿ ಸಾಮಾನ್ಯವಾಗಿ ಶೈತ್ಯ ಯಂತ್ರವಿರುವುದಿಲ್ಲ. ಮೊದಲೇ ಸುಮಾರು 4 ಡಿಗ್ರಿಗೆ ತಣಿಸಿದ ಸಾವಿರಾರು ಲೀಟರ್ ಹಾಲು, ಶಾಖ ತಡೆಯುವ ಗೋಡೆಯ ಒಳಗೆ ಕೆಲವು ಗಂಟೆಗಳ ಪಯಣದಲ್ಲಿ ಹೆಚ್ಚೇನೂ ಬೆಚ್ಚಗಾಗುವುದಿಲ್ಲ. ಮಲ್ಪೆ, ಮಂಗಳೂರುಗಳಿಂದ ಘಟ್ಟ ಹತ್ತುವ ಮೀನಿನ ಬಹುಪಾಲು ಮಂಜುಗಡ್ಡೆಯ ಚೂರಿನ ಜತೆಯಲ್ಲೇ ಬರುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲರಿ ಶಾಖ ಬೇಕು ಎಂದು ನೀವು ಪಾಠದಲ್ಲಿ ಓದಿದ್ದೀರಿ. ಮೀನು ವ್ಯಾಪಾರಿ ಬೆಲೆ ಕೊಟ್ಟು ಕೊಳ್ಳುವುದು ಆ 80 ಕ್ಯಾಲರಿಯನ್ನೇ.

ಲಸಿಕೆಗಳ ವಿಷಯ ಇನ್ನೂ ಸೂಕ್ಷ್ಮ. ಹೆಚ್ಚಿನ ಲಸಿಕೆಗಳು 2ರಿಂದ 8 ಡಿಗ್ರಿಯ ನಡುವೆ ಇರಬೇಕು. ಹೆಪಟೈಟಿಸ್ ಬಿ, ಧನುರ್ವಾಯುವಿನಂತಹ ಲಸಿಕೆಗಳು ಬಿಸಿಗಿಂತ ಹೆಚ್ಚಾಗಿ ಹೆಪ್ಪುಗಟ್ಟುವುದರಿಂದಲೇ ಕೆಡುತ್ತವೆ. 2021ರ ಜನವರಿ 12ರ ಬೆಳಗಿನ ಜಾವ ಪುಣೆಯ ಸೀರಂ ಸಂಸ್ಥೆಯಿಂದ ಕೋವಿಡ್ ಲಸಿಕೆಯ ಮೊದಲ ಪೆಟ್ಟಿಗೆಗಳು ವಿಮಾನ ನಿಲ್ದಾಣಕ್ಕೆ ಹೊರಟದ್ದು ಶೀತಲ ಲಾರಿಗಳಲ್ಲೇ. ಅಂದು ದೇಶವೆಲ್ಲ ಆ ಲಾರಿಗಳನ್ನು ಟಿ.ವಿ.ಯಲ್ಲಿ ನೋಡಿತು. ಉಳಿದ ದಿನಗಳಲ್ಲಿ ಅವುಗಳ ಕಡೆ ನೋಡುವವರಿಲ್ಲ.

ಯಂತ್ರ ಆರಿಸುವ ಪ್ರಲೋಭನೆ

ದೂರದರ್ಶನದ ಕ್ಯಾಮೆರಾ ಬಹಳಷ್ಟನ್ನು ತೋರಿಸಬಲ್ಲದು, ಉಷ್ಣತೆಯನ್ನು ತೋರಿಸಲಾರದು. ದಾರಿಯಲ್ಲಿ ಆರು ಗಂಟೆ ಬೆಚ್ಚಗಿದ್ದು ಮತ್ತೆ ತಣ್ಣಗಾದ ಪೊಟ್ಟಣವೂ, ಪೂರ್ತಿ ದಾರಿ ತಣ್ಣಗೇ ಬಂದ ಪೊಟ್ಟಣವೂ ನೋಡಲು ಒಂದೇ ತರಹ. ಈ ಕಸುಬಿನ ನಿಜವಾದ ಸಮಸ್ಯೆ ಇರುವುದು ಇಲ್ಲೇ.

ದೊಡ್ಡ ಲಾರಿಗಳಲ್ಲಿ ಶೈತ್ಯ ಯಂತ್ರಕ್ಕೆ ಪ್ರತ್ಯೇಕ ಡೀಸೆಲ್ ಇಂಜಿನ್ ಇರುತ್ತದೆ. ಅದು ಗಂಟೆಗೆ 2 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. 40 ಗಂಟೆಯ ಪಯಣಕ್ಕೆ 80 ಲೀಟರ್. ಲೀಟರಿಗೆ 90 ರೂಪಾಯಿಯಂತೆ 7,200 ರೂಪಾಯಿ. ರಾತ್ರಿ ತಂಪಾಗಿದೆಯಲ್ಲ ಎಂದು ಹತ್ತು ಗಂಟೆ ಯಂತ್ರ ಆರಿಸಿದರೆ 1,800 ರೂಪಾಯಿ ಉಳಿಯಿತು! ಊರು ತಲುಪುವ ಮುನ್ನ ಮತ್ತೆ ಚಾಲೂ ಮಾಡಿದರೆ ಗಾಳಿಯ ಅಂಕಿ ಸರಿಯಾಗಿಯೇ ತೋರಿಸುತ್ತದೆ. ಕೆಲವೊಮ್ಮೆ ಡ್ರೈವರ್ ತಾನಾಗಿ ಹೀಗೆ ಮಾಡುತ್ತಾನೆ. ಕೆಲವೊಮ್ಮೆ ಮಾಲೀಕನೇ ಡೀಸೆಲ್ ಅಳತೆ ಕಡಿಮೆ ಕೊಟ್ಟು, ಬಾಯಿಬಿಟ್ಟು ಹೇಳದೆ, ಹೀಗೆ ಮಾಡಿಸುತ್ತಾನೆ.

ಆ ಹತ್ತು ಗಂಟೆಯಲ್ಲಿ ಏನಾಗಬಹುದು? ತಕ್ಕ ಬಿಸಿ, ತಕ್ಕ ತೇವ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಆರು ಗಂಟೆಯಲ್ಲಿ 18 ಇಮ್ಮಡಿ. ಒಂದು ಇದ್ದದ್ದು 2,62,144 ಆಗುತ್ತದೆ. ಮತ್ತೆ ತಣ್ಣಗೆ ಮಾಡಿದರೆ ಅವು ಹೆಚ್ಚುವುದು ನಿಂತೀತು, ಹೆಚ್ಚಿದ್ದು ಇಲ್ಲವಾಗುವುದಿಲ್ಲ. ಲಸಿಕೆಯ ಸತ್ವ ಹೋದರೆ ಮರಳಿ ಬರುವುದಿಲ್ಲ. ಮಗುವಿಗೆ ಚುಚ್ಚುಮದ್ದು ಹಾಕಿಸಿ ನಿಶ್ಚಿಂತೆಯಿಂದ ಮನೆಗೆ ಹೋದ ತಾಯಿಗೆ ಆ ಮದ್ದಿನಲ್ಲಿ ಸತ್ವವಿರಲಿಲ್ಲ ಎಂಬುದು ತಿಳಿಯುವುದೇ ಇಲ್ಲ. 1,800 ರೂಪಾಯಿಯ ಎದುರು ತೂಗಬೇಕಾದದ್ದು ಇದನ್ನು.

ವಿಜ್ಞಾನ ಇದಕ್ಕೆ ಕೆಲವು ಕಾವಲುಗಾರರನ್ನು ಒದಗಿಸಿದೆ. 1996ರಿಂದ ಪೋಲಿಯೋ ಹನಿಯ ಸೀಸೆಗಳ ಮೇಲೆ ಬಣ್ಣ ಬದಲಿಸುವ ಒಂದು ಗುರುತು ಬಂತು. ಸೀಸೆಗೆ ತಗುಲಿದ ಬಿಸಿ ಕೂಡುತ್ತಾ ಹೋದಂತೆ ಅದರ ಒಳಚೌಕ ಕಪ್ಪಾಗುತ್ತದೆ, ಮರಳಿ ಬೆಳ್ಳಗಾಗುವುದಿಲ್ಲ. ಲಾರಿಗಳಲ್ಲಿ ಕೆಲವು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದಿಟ್ಟುಕೊಳ್ಳುವ ಡೇಟಾ ಲಾಗರ್‌ಗಳಿವೆ. ಎಷ್ಟೋ ಡ್ರೈವರುಗಳು ಇದನ್ನು ತಮ್ಮ ಮೇಲಿನ ಗೂಢಚಾರ ಎಂದು ದ್ವೇಷಿಸುತ್ತಾರೆ. ಸರಿಯಾಗಿ ಯೋಚಿಸಿದರೆ ಅದು ಪ್ರಾಮಾಣಿಕ ಡ್ರೈವರಿನ ಸಾಕ್ಷಿ. ಸರಕು ಬಿಸಿಯಾಗಿಯೇ ತುಂಬಿತ್ತು, ನಾನು ಯಂತ್ರ ಆರಿಸಿಲ್ಲ ಎಂದು ಅವನ ಪರವಾಗಿ ಹೇಳಬಲ್ಲದ್ದು ಅದೊಂದೇ.

ಡ್ರೈವರಿನ ದಿನ

ಇನ್ನು ದಿನನಿತ್ಯದ ಮಾತು. ಮರಳಿನ ಲಾರಿ ಒಂದು ದಿನ ತಡವಾದರೆ ಬೈಗುಳ ಸಿಗುತ್ತದೆ. ಶೀತಲ ಲಾರಿ ತಡವಾದರೆ ಸರಕನ್ನೇ ತಿರಸ್ಕರಿಸಬಹುದು. ಲೋಡು ಆಗುವುದು ಹೆಚ್ಚಾಗಿ ರಾತ್ರಿ. ಗೋದಾಮಿನ ಬಾಗಿಲಲ್ಲಿ ಸರದಿಗಾಗಿ ಗಂಟೆಗಟ್ಟಲೆ ಕಾಯಬೇಕು. ಕಾಯುವಾಗಲೂ ಯಂತ್ರ ಓಡುತ್ತಿರಬೇಕು, ಆ ಸದ್ದಿನಲ್ಲೇ ನಿದ್ರಿಸಬೇಕು. ಮೀನು ಇಳಿಸಿದ ಪೆಟ್ಟಿಗೆಯನ್ನು ಚೆನ್ನಾಗಿ ತೊಳೆದು ವಾಸನೆ ಹೋಗಿಸದಿದ್ದರೆ ಮುಂದಿನ ಹಣ್ಣಿನ ಲೋಡು ಸಿಗುವುದಿಲ್ಲ. ಯಂತ್ರ, ದಪ್ಪ ಗೋಡೆಗಳ ತೂಕದಿಂದಾಗಿ ಸಾಮಾನ್ಯ ಲಾರಿಗಿಂತ ಸರಕು ಕಡಿಮೆ ಹಿಡಿಯುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಾಲು ನಿಂತರೆ ಎಲ್ಲ ಡ್ರೈವರುಗಳೂ ಕಾಯುತ್ತಾರೆ. ಶೀತಲ ಲಾರಿಯವನು ಡೀಸೆಲ್ ಮುಳ್ಳನ್ನು ನೋಡುತ್ತಾ ಕಾಯುತ್ತಾನೆ.

ಅನುಕೂಲಗಳೂ ಇವೆ. ಔಷಧಿ, ಹಾಲಿನ ಪದಾರ್ಥ, ಐಸ್‌ಕ್ರೀಮುಗಳ ಸಾಗಣೆ ವರ್ಷವಿಡೀ ಇರುತ್ತದೆ. ಕೆಡುವ ಸರಕಾದ್ದರಿಂದ ಇಳಿಸಿಕೊಳ್ಳುವವರಿಗೂ ಅವಸರವಿರುತ್ತದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಯಾದ ಮೇಲೆ ರಾಜ್ಯಗಳ ಗಡಿಯಲ್ಲಿದ್ದ ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳು ತೆರವಾಗಿ ಅಲ್ಲಿನ ಕಾಯುವಿಕೆ ತಗ್ಗಿದೆ. ಮಿಗಿಲಾಗಿ, ಬೇಡಿಕೆಯಿದೆ. ದೇಶಕ್ಕೆ ಸುಮಾರು 62,000 ಶೀತಲ ವಾಹನಗಳು ಬೇಕು, ಇರುವುದು ಸುಮಾರು 9,000 ಎಂದು 2015ರಲ್ಲಿ ರಾಷ್ಟ್ರೀಯ ಶೈತ್ಯ ಸರಪಳಿ ಅಭಿವೃದ್ಧಿ ಕೇಂದ್ರಕ್ಕಾಗಿ ನಡೆದ ಅಧ್ಯಯನ ಹೇಳಿತ್ತು. ಅಂದಿನಿಂದ ವಾಹನಗಳು ಹೆಚ್ಚಿವೆ, ಅವುಗಳನ್ನು ಅರಿತು ಓಡಿಸುವವರೂ ಹೆಚ್ಚಬೇಕಾಗಿದೆ.

ಒಂದು ವಿಪರ್ಯಾಸವನ್ನೂ ಹೇಳಬೇಕು. ಹಿಂದೆ ಪೆಟ್ಟಿಗೆಯೊಳಗೆ ಐಸ್‌ಕ್ರೀಮು ನಡುಗುತ್ತಿರುವಾಗ, ಮುಂದೆ ಕುಳಿತ ಡ್ರೈವರ್ 40 ಡಿಗ್ರಿಯ ಸೆಕೆಯಲ್ಲಿ ಬೇಯುತ್ತಿರುತ್ತಾನೆ. ಇನ್ನು ಮುಂದೆ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವೆಂದು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿತು. ಹಳೆಯ ಲಾರಿಗಳು ರಸ್ತೆಯಿಂದ ಮರೆಯಾಗಲು ಇನ್ನೂ ಬಹಳ ವರ್ಷ ಬೇಕು.

ಎಚ್ಚರಿಕೆ: ಮುಚ್ಚಿದ ಬಾಗಿಲು

ಶೀತಲ ಪೆಟ್ಟಿಗೆಗೆ ಗಾಳಿ ಆಡುವುದಿಲ್ಲ. ಬಾಗಿಲು ಮುಚ್ಚಿದರೆ ಒಳಗಿರುವವರಿಗೆ ಉಸಿರಾಡಲು ಸಿಗುವುದು ಪೆಟ್ಟಿಗೆಯೊಳಗಿನ ಗಾಳಿ ಮಾತ್ರ. 2015ರ ಆಗಸ್ಟ್ 27ರಂದು ಆಸ್ಟ್ರಿಯ ದೇಶದ ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಿ ಹೋಗಿದ್ದ ಶೀತಲ ಲಾರಿಯೊಂದರಲ್ಲಿ 71 ಮಂದಿ ವಲಸಿಗರ ಶವಗಳು ಸಿಕ್ಕವು. ಅವರು ಉಸಿರುಕಟ್ಟಿ ಸತ್ತಿದ್ದರು. ಮಳೆ ಬರುತ್ತಿದೆ, ಹತ್ತೇ ಕಿಲೋಮೀಟರ್ ಎಂದು ಯಾರು ಬೇಡಿಕೊಂಡರೂ ಪೆಟ್ಟಿಗೆಯಲ್ಲಿ ಮನುಷ್ಯರನ್ನು ಕೂರಿಸಬಾರದು. ಒಣ ಮಂಜುಗಡ್ಡೆ ಇಟ್ಟಿದ್ದರೆ ಅಪಾಯ ಇನ್ನೂ ಹೆಚ್ಚು. ಅದು ಕರಗುವುದಿಲ್ಲ, ನೇರವಾಗಿ ಇಂಗಾಲದ ಡೈಆಕ್ಸೈಡ್ ಅನಿಲವಾಗುತ್ತದೆ. ಬಾಗಿಲನ್ನು ಪೂರ್ತಿ ತೆರೆದು, ಗಾಳಿಯಾಡಲು ಬಿಟ್ಟು ಆಮೇಲೆ ಒಳಗೆ ಕಾಲಿಡಬೇಕು. ಒಳಗಿನಿಂದ ಬಾಗಿಲು ತೆರೆಯುವ ಹಿಡಿ ಕೆಲಸ ಮಾಡುತ್ತಿದೆಯೇ ಎಂದು ಹೊರಡುವ ಮುಂಚೆಯೇ ಪರೀಕ್ಷಿಸಬೇಕು.

ಲೈಸೆನ್ಸು ಮತ್ತು ವಿದ್ಯೆ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸ್ವಂತದ ಕಾರು ಓಡಿಸಲು 18 ವರ್ಷವಾದರೆ ಸಾಕು; ಸಾರಿಗೆ ವಾಹನಕ್ಕೆ 20 ಆಗಿರಬೇಕು. ಸಾರಿಗೆ ವಾಹನದ ಕಲಿಕಾ ಲೈಸೆನ್ಸು ಪಡೆಯುವ ಮೊದಲು ಲಘು ವಾಹನದ ಲೈಸೆನ್ಸು ಕೈಯಲ್ಲಿ ಒಂದು ವರ್ಷವಾದರೂ ಇರಬೇಕು. ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನಗಳಿಗೆ ಲಘು ವಾಹನದ ಲೈಸೆನ್ಸೇ ಸಾಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 6ರಂದು ತೀರ್ಪಿತ್ತಿತು. ನಗರದೊಳಗೆ ಔಷಧಿ, ಐಸ್‌ಕ್ರೀಮು ಹಂಚುವ ಚಿಕ್ಕ ಶೀತಲ ವಾಹನಗಳಲ್ಲಿ ಅನೇಕವು ಈ ಗುಂಪಿಗೆ ಬರುತ್ತವೆ. ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಲಾಯಿತು.

ಓದು ಕಡ್ಡಾಯವಲ್ಲ ಎಂದರೆ ಓದು ಬೇಡ ಎಂದಲ್ಲ. ಐ.ಟಿ.ಐ.ಗಳಲ್ಲಿ ಶೈತ್ಯೀಕರಣ ಮತ್ತು ಹವಾನಿಯಂತ್ರಣದ ಎರಡು ವರ್ಷದ ತರಬೇತಿಯಿದೆ. ನಡುದಾರಿಯಲ್ಲಿ ಯಂತ್ರ ಕೈಕೊಟ್ಟಾಗ ಬೆಲ್ಟು ಹರಿದಿದೆಯೋ, ಅನಿಲ ಸೋರಿದೆಯೋ, ಒಳಗಿನ ಕೊಳವೆಯ ಮೇಲೆ ಮಂಜು ಕಟ್ಟಿದೆಯೋ ಎಂದು ತಾನೇ ಗುರುತಿಸಬಲ್ಲ ಡ್ರೈವರಿಗೆ ಇರುವ ಬೆಲೆಯೇ ಬೇರೆ. ಲಾರಿ ಓಡಿಸುವುದು ಮುಂದೊಂದು ದಿನ ಸಾಕೆನಿಸಿದರೂ ಆ ವಿದ್ಯೆ ಕೈಯಲ್ಲಿ ಉಳಿಯುತ್ತದೆ.

ನಿರ್ಧಾರ ಹೇಗೆ?

ಕೆಲಸ ಒಪ್ಪಿಕೊಳ್ಳುವ ಮೊದಲು ಮಾಲೀಕರನ್ನು ಈ ಪ್ರಶ್ನೆಗಳನ್ನು ಕೇಳಿ. ಶೈತ್ಯ ಯಂತ್ರದ ಡೀಸೆಲ್ಲನ್ನು ಬೇರೆಯಾಗಿ ಕೊಡುತ್ತೀರೋ, ಲಾರಿಯ ಡೀಸೆಲ್ಲಿನಲ್ಲೇ ಸೇರಿಸುತ್ತೀರೋ? ಡೇಟಾ ಲಾಗರ್ ಇದೆಯೇ, ಅದರ ಪ್ರತಿ ನನಗೂ ಸಿಗುತ್ತದೆಯೇ? ಸರಕು ಕೆಟ್ಟರೆ ನಷ್ಟ ಯಾರದು, ವಿಮೆ ಇದೆಯೇ? ಕಾಯುವ ದಿನಗಳಿಗೆ ಬತ್ತ ಉಂಟೇ? ಯಂತ್ರದ ಸರ್ವೀಸು ಕೊನೆಯ ಬಾರಿ ಆದದ್ದು ಯಾವಾಗ? ದೂರದ ಪಯಣಕ್ಕೆ ಇನ್ನೊಬ್ಬ ಡ್ರೈವರ್ ಇರುತ್ತಾನೆಯೇ? ಈ ಕೊನೆಯ ಪ್ರಶ್ನೆಯನ್ನು ಹಗುರವಾಗಿ ಬಿಡಬೇಡಿ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ ಎಂಬ ಮಿತಿಗಳನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹಾಕಿಕೊಟ್ಟಿತ್ತು. ಕೆಡುವ ಸರಕಿನ ಅವಸರ ಈ ಮಿತಿಯನ್ನು ಮೀರುವಂತೆ ಡ್ರೈವರನ್ನು ಸದಾ ತಳ್ಳುತ್ತಿರುತ್ತದೆ. ನಿದ್ದೆಗೆಟ್ಟ ಕಣ್ಣಿಗೆ ತಣ್ಣನೆಯ ಸರಕು, ಬಿಸಿ ಸರಕು ಎಂಬ ಭೇದವಿಲ್ಲ.

ಈ ಪ್ರಶ್ನೆಗಳಿಗೆ ನೇರ ಉತ್ತರ ಸಿಕ್ಕರೆ, ಅದನ್ನು ಬರವಣಿಗೆಯಲ್ಲಿ ಕೊಡಲು ಮಾಲೀಕರು ಸಿದ್ಧರಿದ್ದರೆ, ಶೀತಲ ಲಾರಿ ಒಳ್ಳೆಯ ಕಸುಬು. ‘ಅದೆಲ್ಲ ನೋಡಿಕೊಳ್ಳೋಣ, ನೀನು ಮೊದಲು ಗಾಡಿ ಎತ್ತು’ ಎಂಬ ಉತ್ತರ ಬಂದರೆ ಟಾರ್ಪಾಲಿನ ಲಾರಿಯೇ ಮೇಲು.

ಇನ್ನು ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದದ್ದು ಒಂದು ಪ್ರಶ್ನೆ. ರಾತ್ರಿ ಎರಡು ಗಂಟೆಗೆ, ಯಾರೂ ನೋಡದ ರಸ್ತೆಬದಿಯಲ್ಲಿ, ನಿದ್ದೆಯಿಂದೆದ್ದು ಯಂತ್ರದ ಅಂಕಿಯನ್ನು ನೋಡಿ ಬರುವ ಅಭ್ಯಾಸ ನಿಮಗೆ ಬಂದೀತೇ? ಬರುವುದಾದರೆ ನಿಮ್ಮಂತಹವರು ಈ ಕೆಲಸಕ್ಕೆ ಬೇಕು. ಬಾರದು ಎನಿಸಿದರೆ ಅದರಲ್ಲಿ ನಾಚಿಕೆಯೇನಿಲ್ಲ. ಹೊರಲು ಬೇರೆ ಸರಕುಗಳು ಬೇಕಾದಷ್ಟಿವೆ.